ನೆಲದ ಕಾಳು

ಗೋದಾಮಿನ ಗೋಧಿಗೆ ಮೂವರು ಒಡೆಯರು. ಚೀಲದೊಳಗೆ ಇರುವುದು ಸರ್ಕಾರದ್ದು. ಇಲಿ, ಹುಳು, ಗಾಳಿ ತಿಂದದ್ದು ದೇವರದ್ದು; ಅದಕ್ಕೂ ಪುಸ್ತಕದಲ್ಲಿ ‘ಸ್ವಾಭಾವಿಕ ನಷ್ಟ’ ಎಂಬ ಅಂಕಣವಿತ್ತು. ಹಮಾಲರ ಕೊಕ್ಕೆ ತಾಗಿ ಚೀಲ ಹರಿದು ನೆಲಕ್ಕೆ ಚೆಲ್ಲಿದ್ದು ಪೊರಕೆಯಕ್ಕನದು. ಇದಕ್ಕೆ ಮಾತ್ರ ಅಂಕಣ ಇರಲಿಲ್ಲ. ಅಂಕಣವಿಲ್ಲದ ವಸ್ತು ಕಚೇರಿಯ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅವಳ ಮನೆಯ ಒಲೆ ಐದು ವರ್ಷ ಯಾರ ತಂಟೆಯೂ ಇಲ್ಲದೆ ಉರಿಯಿತು.

ಪೊರಕೆಯಕ್ಕ ಎಂಬುದು ಹಮಾಲರು ಇಟ್ಟ ಹೆಸರು. ಅವಳ ಗಂಡನೂ ಅವರಲ್ಲೊಬ್ಬನಾಗಿದ್ದ. ಒಂದು ಮಧ್ಯಾಹ್ನ, ಒಂದರ ಮೇಲೊಂದು ಪೇರಿಸಿದ ಚೀಲಗಳ ಎರಡನೇ ಅಟ್ಟಿಯಲ್ಲಿ ಮೇಲಿನ ಸಾಲು ಜಾರಿ ಹನ್ನೊಂದು ಚೀಲ ಅವನ ಮೇಲೆ ಬಿದ್ದವು. ಜನ ಬಂದು ಚೀಲ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚೀಲಗಳಿಗೆ ಏನೂ ಆಗಿರಲಿಲ್ಲ ಎಂದು ವರದಿಯಲ್ಲಿ ಬರೆದಿದೆ. ಕಚೇರಿ ಮರುಕಪಟ್ಟು ಗಂಡನ ಬದಲಿಗೆ ಅವಳಿಗೊಂದು ಪೊರಕೆ ಕೊಟ್ಟಿತು. ದಿನಗೂಲಿ, ಭಾನುವಾರ ರಜೆ, ರಜೆಗೆ ಕೂಲಿಯಿಲ್ಲ. ಆಗ ಅವಳಿಗೆ ಎರಡು ಮಕ್ಕಳಿದ್ದವು, ಮೂರನೆಯದು ಹೊಟ್ಟೆಯಲ್ಲಿತ್ತು.

ಕೆಲಸ ಸರಳವೆಂದು ಕಾಣುತ್ತದೆ, ಅಲ್ಲ. ಗೋದಾಮಿನಲ್ಲಿ ಆರು ಅಟ್ಟಿ, ನಡುವೆ ಐದು ಓಣಿ. ಓಣಿ ಗುಡಿಸಲು ಯಾರಿಗಾದರೂ ಬರುತ್ತದೆ. ಆದರೆ ಅಟ್ಟಿಗೂ ಗೋಡೆಗೂ ನಡುವೆ ಒಂದೂವರೆ ಗೇಣಿನ ಸಂದಿ ಇದೆಯಲ್ಲ, ಅಲ್ಲಿ ಅಡ್ಡಡ್ಡ ನಿಂತು, ಉಸಿರು ಬಿಗಿಹಿಡಿದು, ಏಡಿಯಂತೆ ಸರಿಯುತ್ತ ಗುಡಿಸಬೇಕು. ಅದಕ್ಕೆ ಸರಿಹೋಗುವ ಮೈಕಟ್ಟು ಇಡೀ ಗೋದಾಮಿನಲ್ಲಿ ಅವಳೊಬ್ಬಳದೇ. ಐದು ಗಂಟೆಗೆ ಸೈರನ್ ಕೂಗಿದ ಮೇಲೆ ಕಸವನ್ನೆಲ್ಲ ಬಾಗಿಲ ಬಳಿ ರಾಶಿ ಹಾಕಿ ಜರಡಿ ಹಿಡಿಯುತ್ತಿದ್ದಳು. ಸೆಣಬಿನ ಎಳೆ, ಮಣ್ಣು, ಬೀಡಿ ತುಂಡು, ಹುಳು ಎಲ್ಲ ಹೋಗಿ ಕೊನೆಗೆ ನಾಲ್ಕು ಬೊಗಸೆ ಗೋಧಿ ಉಳಿಯುತ್ತಿತ್ತು. ಒಳ್ಳೆಯ ದಿನ ಐದು. ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೊರಡುವಾಗ ಗೇಟಿನ ಕಾವಲುಗಾರ ಸರಿಯಾಗಿ ಆ ಹೊತ್ತಿಗೇ ಆಕಾಶದ ಕಡೆ ನೋಡುತ್ತಿದ್ದ. ಮಳೆ ಬರುವ ಲಕ್ಷಣ ಐದು ವರ್ಷ ಅವನಿಗೆ ಕಾಣಲೇ ಇಲ್ಲ.

ಇದು ಅವಳಿಂದ ಶುರುವಾದ ಪದ್ಧತಿಯಲ್ಲ. ಅವಳ ಹಿಂದಿನವಳೂ ಒಯ್ಯುತ್ತಿದ್ದಳು, ಅವಳ ಹಿಂದಿನವಳೂ. ‘ನೆಲದ ಕಾಳು ಗೋದಾಮಿನಲ್ಲಿ ರಾತ್ರಿ ಉಳಿಯಬಾರದು’ ಎಂದು ಹಮಾಲರ ಮುದಿ ಮೇಸ್ತ್ರಿ ಹೇಳುತ್ತಿದ್ದ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಬಡವರಿಗೆ ಲಾಭವಾಗುವ ನಿಯಮದ ಹಿಂದೆ ಕಾರಣವೂ ಇರಬಹುದು ಎಂದು ಯಾರಿಗೆ ತಾನೆ ಹೊಳೆಯುತ್ತದೆ?

ಟೈರಿಗೆ ತೇಪೆ ಹಾಕುವ ಅಂಗಡಿಯ ಹಿಂದೆ ಅವಳದು ಒಂದೇ ಕೋಣೆಯ ಮನೆ. ಅದರಲ್ಲಿ ಅತ್ತೆ, ದೊಡ್ಡ ಮಗಳು, ನಡುವಿನ ಮಗ, ಮತ್ತೆ ಕಿರಿಯವಳು. ಕಿರಿಯವಳಿಗೆ ಹಮಾಲರು ಇಲಿಮರಿ ಎಂದು ಹೆಸರಿಟ್ಟಿದ್ದರು. ನಡೆಯಲು ಕಲಿತಾಗಿನಿಂದ ಅಮ್ಮನ ಹಿಂದೆಯೇ ಸಂದಿಯಲ್ಲಿ ನುಗ್ಗಿ ಅಟ್ಟಿಯ ಆ ಕಡೆಯಿಂದ ಹೊರಬಂದು ‘ಕೂಕ್’ ಅನ್ನುತ್ತಿದ್ದಳು. ಕೂಲಿ ಹಣ ಬಾಡಿಗೆಗೆ, ಸೀಮೆಎಣ್ಣೆಗೆ, ಶಾಲೆಗೆ, ಅತ್ತೆಯ ಮಾತ್ರೆಗೆ ಹೋಗುತ್ತಿತ್ತು. ಹೊಟ್ಟೆ ನಡೆಯುತ್ತಿದ್ದುದು ನೆಲದ ಕಾಳಿನಿಂದ. ನಾಲ್ಕು ಬೊಗಸೆ ಬೀಸಿ ಗಂಜಿ ಕಾಯಿಸಿದರೆ ಐದು ಬಾಯಿಗೆ ಸರಿ. ಬೊಗಸೆ ಮೂರಾದ ದಿನ ಅತ್ತೆಗೆ ತಲೆನೋವು ಬರುತ್ತಿತ್ತು. ‘ನಂಗೆ ಬೇಡ, ವಾಕರಿಕೆ’ ಅನ್ನುತ್ತಿದ್ದಳು. ಬೊಗಸೆ ನಾಲ್ಕಾದ ಕೂಡಲೇ ವಾಸಿಯಾಗುತ್ತಿತ್ತು. ಅಷ್ಟು ಶಿಸ್ತಿನ ಕಾಯಿಲೆಯನ್ನು ಯಾವ ವೈದ್ಯನೂ ಕಂಡಿರಲಾರ.

ಹೀಗಿರುವಾಗ ಗುಣಮಟ್ಟದ ಅಧಿಕಾರಿಯಾಗಿ ಲೋಕಚಿಂತೆಯವರು ಬಂದರು.

ಅವರ ನಿಜವಾದ ಹೆಸರು ಮೇಜಿನ ಫಲಕದ ಮೇಲಿತ್ತು. ಆದರೆ ಬಂದ ಮೊದಲ ದಿನವೇ ಅವರು ಹಮಾಲರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಗಂಟೆ ಭಾಷಣ ಮಾಡಿದ್ದರಿಂದ ಸಂಜೆಯೊಳಗೆ ಹೆಸರು ಬದಲಾಗಿತ್ತು. ಭೂಮಿಯ ಮೇಲೆ ಎಂಟುನೂರು ಕೋಟಿ ಜನ, ದಿನಕ್ಕೆ ಹತ್ತಿರ ಹತ್ತಿರ ಎರಡು ಲಕ್ಷ ಹೊಸ ಬಾಯಿ, ನೆಲ ಮಾತ್ರ ಇದ್ದಷ್ಟೇ, ಮುಂದೆ ಏನು ಗತಿ, ಎಂದು ಅವರು ಕೇಳಿದರು. ಬೆನ್ನ ಮೇಲೆ ಚೀಲ ಹೊತ್ತೇ ನಿಂತಿದ್ದ ಒಬ್ಬ ಹಮಾಲ, ‘ಸಾರ್, ಇದನ್ನ ಇಳಿಸಿ ಬಂದು ಗತಿ ಕೇಳ್ಲಾ?’ ಅಂದ. ಲೋಕಚಿಂತೆಯವರಿಗೆ ಇಬ್ಬರೇ ಮಕ್ಕಳು. ಅದನ್ನು ಅವರು ತಾವು ಭೂಮಿಗೆ ಮಾಡಿದ ಉಪಕಾರವೆಂದು ತಿಳಿದಿದ್ದರು. ಭೂಮಿ ಇನ್ನೂ ಕೃತಜ್ಞತೆ ತೋರಿಸಿರಲಿಲ್ಲ.

ಗೇಟಿನ ಒಳಗೆ ಒಂದು ಕಪ್ಪು ಹಲಗೆ ತೂಗುಹಾಕಿಸಿದರು. ದಿನವೂ ಬೆಳಗ್ಗೆ ಅದರ ಮೇಲೆ ಲೋಕದ ಜನಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬರೆಯಬೇಕು; ನಿನ್ನೆಯ ಅಂಕಿಗೆ ಎರಡು ಲಕ್ಷ ಕೂಡಿಸಬೇಕು. ಕೂಡಿಸುವ ಕೆಲಸ ಗುಮಾಸ್ತನದು. ಹಮಾಲರಿಗೆ ಇದು ಒಳ್ಳೆಯ ಮೋಜಾಯಿತು.

‘ಅಕ್ಕಾ, ನಿನ್ನೆಯಿಂದ ಎರಡು ಲಕ್ಷ ಜನ ಜಾಸ್ತಿ ಆಗಿದ್ದಾರಂತೆ.’

‘ನಮ್ಮನೆಗಂತೂ ಯಾರೂ ಬಂದಿಲ್ಲಪ್ಪ. ನಿಮ್ಮನೇಲಿ ನೋಡ್ಕೊಳ್ಳಿ.’

ಒಂದು ಸೋಮವಾರ ಹಲಗೆಯ ಮೇಲೆ ಧೂಳು ಕೂತಿದ್ದನ್ನು ಕಂಡು ಪೊರಕೆಯಕ್ಕ ಒದ್ದೆ ಬಟ್ಟೆಯಿಂದ ನೀಟಾಗಿ ಒರೆಸಿಬಿಟ್ಟಳು. ಲೋಕಚಿಂತೆಯವರು ಬಂದು ನೋಡಿದರೆ ಲೋಕದಲ್ಲಿ ಒಬ್ಬನೂ ಉಳಿದಿರಲಿಲ್ಲ.

‘ಯಾರು ಅಳಿಸಿದ್ದು?’

‘ನಾನೇ ಸಾರ್. ಗಲೀಜಾಗಿತ್ತು.’

‘ಎಂಟುನೂರು ಕೋಟಿ ಜನ ಗಲೀಜಾ?’

‘ಹತ್ತಿರದಿಂದ ನೋಡಿದ್ರೆ ಸ್ವಲ್ಪ ಇತ್ತು ಸಾರ್’ ಎಂದಳು ಅವಳು. ಮೇಸ್ತ್ರಿ ಕೆಮ್ಮುವ ನೆಪದಲ್ಲಿ ಆ ಕಡೆ ತಿರುಗಿಕೊಂಡ. ಅಲ್ಲಿಂದ ಸಾಹೇಬರ ಕಣ್ಣು ಅವಳ ಮೇಲೆ ಬಿತ್ತು. ಅವಳ ಮೇಲೆ ಬಿದ್ದ ಕಣ್ಣು ಸಂಜೆ ಅವಳ ಗಂಟಿನ ಮೇಲೂ ಬಿತ್ತು.

ಮರುವಾರವೇ ಆದೇಶ ಹೊರಟಿತು. ಅದಕ್ಕೆ ‘ಶೂನ್ಯ ನಷ್ಟ’ ಎಂದು ಹೆಸರು. ಲೋಕದಲ್ಲಿ ಇಷ್ಟು ಜನ ಹಸಿದಿರುವಾಗ ಒಂದು ಕಾಳೂ ಗೋದಾಮಿನ ಹೊರಗೆ ಹೋಗಕೂಡದು. ನೆಲಕ್ಕೆ ಬಿದ್ದದ್ದನ್ನು ಗುಡಿಸಿ, ಜರಡಿ ಹಿಡಿದು, ಅದೇ ಅಟ್ಟಿಯ ಚೀಲಕ್ಕೆ ಮರಳಿ ತುಂಬಿ ಬಾಯಿ ಹೊಲಿಯತಕ್ಕದ್ದು. ಗುಮಾಸ್ತ ಓದಿ ಮುಗಿಸುವ ಮೊದಲೇ ಪೊರಕೆಯಕ್ಕ ಮುಂದೆ ಬಂದಳು.

‘ಸಾರ್, ನೆಲದ ಕಾಳಲ್ಲಿ ಹುಳ ಇರುತ್ತೆ. ಸಂದಿಯಲ್ಲಿ ಬಿದ್ದಿದ್ದಕ್ಕೇ ಮೊದಲು ಹಿಡಿಯೋದು. ಚೀಲಕ್ಕೆ ಹಾಕಿದ್ರೆ ಒಳಗೆ ಹಬ್ಬುತ್ತೆ.’

‘ಹೌದು ಸಾರ್, ನೆಲದ್ದು ರಾತ್ರಿ ಉಳೀಬಾರದು ಅಂತ ಹಿಂದಿನಿಂದಲೂ…’ ಎಂದು ಮೇಸ್ತ್ರಿ ಬಾಯಿ ಹಾಕಿದ.

ಲೋಕಚಿಂತೆಯವರು ನಕ್ಕರು. ‘ಹುಳ ಇದ್ದಿದ್ದನ್ನ ಇಷ್ಟು ವರ್ಷ ಮನೆಗೆ ತಗೊಂಡು ಹೋಗಿ ತಿಂದ್ಯಲ್ಲಮ್ಮ, ಆಗ ಹುಳ ಕಾಣ್ಲಿಲ್ವಾ?’

‘ಕಾಣ್ತಿತ್ತು ಸಾರ್. ಆರಿಸಿ ತಿಂತಿದ್ವಿ.’

‘ಎಷ್ಟು ಜನ ಮನೇಲಿ?’

‘ಐದು. ಮೂರು ಮಕ್ಕಳು, ಅತ್ತೆ, ನಾನು.’

‘ಮೂರು! ಎರಡಕ್ಕೆ ನಿಲ್ಲಿಸ್ಬೇಕು ಅಂತ ಯಾರೂ ಹೇಳ್ಲಿಲ್ವಾ ನಿಂಗೆ? ಈ ಮೂರನೇದು ಇದೆಯಲ್ಲ, ಇದೇ ಲೋಕಕ್ಕೆ ಭಾರ.’

‘ಮೂರನೇದು ಹೊಟ್ಟೇಲಿದ್ದಾಗ ಅವರು ಆ ಎರಡನೇ ಅಟ್ಟಿ ಕೆಳಗೆ ಹೋದ್ರು ಸಾರ್. ಒಂದು ಬಂತು, ಒಂದು ಹೋಯ್ತು. ಲೋಕಕ್ಕೆ ಲೆಕ್ಕ ಸರಿಯಾಯ್ತಲ್ಲ.’

‘ಮಾತಿಗೇನೂ ಬರಗಾಲ ಇಲ್ಲ’ ಎಂದು ಸಾಹೇಬರು ಒಳಗೆ ಹೋದರು. ಹುಳುವಿನ ಮಾತು ಅಲ್ಲಿಗೆ ಸತ್ತಿತು. ಹೇಳಿದ್ದು ನಿಜವೇ ಸುಳ್ಳೇ ಎಂದು ಯಾರೂ ನೋಡಲಿಲ್ಲ. ಹೇಳಿದವಳಿಗೆ ಅದರಿಂದ ನಾಲ್ಕು ಬೊಗಸೆ ಲಾಭವಿತ್ತು ಎಂಬುದೇ ಅದು ಸುಳ್ಳೆನ್ನುವುದಕ್ಕೆ ಸಾಕಾಯಿತು. ಸಾಹೇಬರಿಗೆ ಅದೇ ಆದೇಶದಿಂದ ಬಡ್ತಿಯ ಲಾಭವಿದ್ದದ್ದು ಬೇರೆ ಮಾತು. ದೊಡ್ಡ ಲಾಭಕ್ಕೆ ಸೇವೆ ಎನ್ನುತ್ತಾರೆ.

ಕೂಲಿಯನ್ನಾದರೂ ಸ್ವಲ್ಪ ಏರಿಸಿ ಎಂದು ಅವಳು ಮರುದಿನ ಕೇಳಿದ್ದುಂಟು. ‘ಕೂಲಿ ವಿಷಯ ನನ್ನ ವಿಭಾಗಕ್ಕೆ ಬರಲ್ಲಮ್ಮ. ಹಸಿವಿನ ವಿಷಯ ಮಾತ್ರ ಬರುತ್ತೆ’ ಎಂಬ ಉತ್ತರ ಬಂತು.

ಆ ದಿನದಿಂದ ಅವಳು ತಾನೇ ಗುಡಿಸಿದ ಕಾಳನ್ನು ತಾನೇ ಚೀಲಕ್ಕೆ ಸುರಿದು ತಾನೇ ಹೊಲಿದಳು. ಮನೆಯಲ್ಲಿ ಗಂಜಿ ತೆಳ್ಳಗಾಯಿತು, ಆಮೇಲೆ ಇನ್ನೂ ತೆಳ್ಳಗಾಯಿತು. ‘ಇದನ್ನ ಕುಡೀಬೇಕಾ, ಇದರಲ್ಲಿ ಮುಖ ತೊಳೀಬೇಕಾ?’ ಎಂದು ಅತ್ತೆ ಕೇಳುತ್ತಿದ್ದಳು. ಅವಳಿಗೀಗ ದಿನವೂ ತಲೆನೋವು. ದೊಡ್ಡವಳು ಶಾಲೆಯಲ್ಲಿ ಗೆಳತಿಯರು ಬುತ್ತಿ ಬಿಚ್ಚಿದಾಗ ‘ನಂದು ಊಟ ಆಯ್ತು’ ಎಂದು ಹೇಳಿ ನಲ್ಲಿಯ ಕಡೆ ಹೋಗುವುದನ್ನು ಕಲಿತಳು. ನಡುವಿನವನು ಸೌಟು ನೆಕ್ಕುವುದಕ್ಕೆ ಸರದಿ ಕೇಳುತ್ತಿದ್ದ. ಅಂಗಡಿಯಲ್ಲಿ ಸಾಲ ಕೇಳಿದರೆ, ‘ಸರ್ಕಾರಿ ಗೋದಾಮಲ್ಲಿ ಕೆಲಸ ಮಾಡೋಳು ನನ್ನ ಹತ್ರ ಕಾಳು ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?’ ಎಂದು ಅಂಗಡಿಯವನು ಗಿರಾಕಿಗಳ ಮುಂದೆ ನಗಾಡಿದ.

ಅವಳ ತಂಗಿ ದೂರದ ಪಟ್ಟಣದಲ್ಲಿದ್ದಳು. ಗಂಡನದು ಗಾಜು, ಕನ್ನಡಿ ಕತ್ತರಿಸಿ ಮಾರುವ ಅಂಗಡಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಹಿಂದೊಮ್ಮೆ ಇಲಿಮರಿಯನ್ನು ಕೊಡು ಎಂದು ಕೇಳಿ ಅಕ್ಕನ ಕೈಯಲ್ಲಿ ಬೈಸಿಕೊಂಡಿದ್ದಳು. ಈಗ ಅಕ್ಕನೇ ಟೈರ್ ಅಂಗಡಿಯ ಫೋನಿನಿಂದ ಮಾತಾಡಿದಳು. ಕೊಡುವ ಮಾತಲ್ಲ, ಸುಮ್ಮನೆ ಕಷ್ಟಸುಖ. ತಂಗಿ ಜಾಣೆ, ಕಷ್ಟವನ್ನಷ್ಟೇ ಕೇಳಿಸಿಕೊಂಡಳು.

‘ಅಕ್ಕ, ಕರ್ಕೊಂಡು ಬಾ. ಆದ್ರೆ ಇವರು ಒಂದು ಮಾತು ಹೇಳ್ತಾರೆ. ಕೊಟ್ರೆ ಪೂರ್ತಿ ಕೊಡ್ಬೇಕಂತೆ. ಆಸೆ ಹಚ್ಚಿ ಆಮೇಲೆ ಕಿತ್ಕೊಂಡು ಹೋಗೋ ಹಾಗಿದ್ರೆ ಬೇಡವಂತೆ.’

‘ಪೂರ್ತಿ ಯಾಕೆ ಕೊಡ್ಲಿ? ಒಂದು ಆರು ತಿಂಗಳು ಇಟ್ಕೋ ಅಂದೆ ಅಷ್ಟೆ.’

‘ನೋಡೋಣ ಬಿಡು’ ಎಂದಳು ತಂಗಿ. ಪೊರಕೆಯಕ್ಕ ಫೋನಿಟ್ಟು, ಕಳಿಸುವುದಿಲ್ಲ ಎಂದೇ ನಿಶ್ಚಯಿಸಿದಳು. ಮೂರನೆಯದು ಲೋಕಕ್ಕೆ ಭಾರವೋ ಏನೋ, ಅವಳ ಸೊಂಟಕ್ಕೆ ಭಾರವಾಗಿರಲಿಲ್ಲ.

ಆ ನಿಶ್ಚಯ ಹದಿನಾರು ದಿನ ಉಳಿಯಿತು. ಹದಿನೇಳನೆಯ ದಿನ ಲೋಕಚಿಂತೆಯವರು ಊಟದ ನಂತರ ಅರಗಲೆಂದು ಅಟ್ಟಿಗಳ ಸುತ್ತ ಓಡಾಡುತ್ತಿದ್ದಾಗ ಮೂಲೆಯಲ್ಲಿ ಕೂತ ಇಲಿಮರಿಯನ್ನು ಕಂಡರು. ಮಗುವಿನ ಕೆನ್ನೆ ಉಬ್ಬಿತ್ತು.

‘ಬಾಯಲ್ಲೇನು?’

ಮಗು ತಲೆ ಅಲ್ಲಾಡಿಸಿತು.

‘ಬಾಯಿ ತೆಗಿ. ಉಗಿ.’ ಸಾಹೇಬರು ಅಂಗೈ ಒಡ್ಡಿದರು. ಮಗು ಅದರೊಳಗೆ ಹಸಿ ಗೋಧಿಯನ್ನು ಉಗಿಯಿತು. ಅವರು ಅದನ್ನು ಬೆರಳಿನಿಂದ ಬಿಡಿಸಿ ನೋಡಿದರು. ಒಟ್ಟು ಒಂಬತ್ತು ಕಾಳು, ಎರಡು ಅಗಿದಿದ್ದವು. ಓಡಿ ಬಂದ ಪೊರಕೆಯಕ್ಕನ ಎದುರಿಗೇ ಬಾಯಿ ಬಿಚ್ಚಿದ್ದ ಒಂದು ಚೀಲಕ್ಕೆ ಅಷ್ಟನ್ನೂ ಉದುರಿಸಿ ಕೈ ಒರೆಸಿಕೊಂಡರು. ಗೋಧಿಯಲ್ಲಿ ತೇವ ಸೇರದಂತೆ ನೋಡಿಕೊಳ್ಳುವುದು ಅವರ ಹುದ್ದೆಯ ಮೊದಲನೆಯ ಕರ್ತವ್ಯ ಎಂದು ನೇಮಕದ ಪತ್ರದಲ್ಲಿದೆ.

‘ಇದು ಒಂದು ಮಗುವಿನ ಪ್ರಶ್ನೆ ಅಲ್ಲಮ್ಮ. ಎಲ್ಲಾ ಮಕ್ಕಳೂ ಹೀಗೆ ಒಂಬತ್ತೊಂಬತ್ತು ಕಾಳು ತಿಂದ್ರೆ ಲೋಕದ ದಾಸ್ತಾನು ಏನಾಗ್ಬೇಕು, ಯೋಚನೆ ಮಾಡು. ನಾಳೆಯಿಂದ ಇದು ಗೇಟಿನ ಒಳಗೆ ಬರಕೂಡದು.’

‘ಬರಲ್ಲ ಸಾರ್’ ಎಂದಳು ಅವಳು. ಅಂದು ಸಂಜೆ ಮತ್ತೆ ಟೈರ್ ಅಂಗಡಿಯ ಫೋನು ಹಿಡಿದಳು.

ತಂಗಿ ಬರುವುದಕ್ಕೆ ಮೂರು ದಿನವಿತ್ತು. ಗೋದಾಮಿನಲ್ಲಿ ಆಗ ಸಡಗರ. ಮೂರೂವರೆ ತಿಂಗಳಿನಿಂದ ಒಂದು ಕಾಳೂ ನಷ್ಟವಿಲ್ಲ ಎಂಬ ವರದಿ ಮೇಲಕ್ಕೆ ಹೋಗಿ, ಆಹಾರ ಭದ್ರತೆಯ ಸಮಾರಂಭವನ್ನು ಇಲ್ಲಿಯೇ ಮಾಡುವುದೆಂದು ತೀರ್ಮಾನವಾಗಿತ್ತು. ಅಟ್ಟಿಗಳಿಗೆ ಹುಳುವಿನ ಔಷಧಿ ಹೊಡೆಯುವ ಸರದಿ ಬಂದಿತ್ತು. ಆದರೆ ಔಷಧಿ ಹೊಡೆದರೆ ತಾಡಪಾಲು ಮುಚ್ಚಬೇಕು, ಮುಚ್ಚಿದರೆ ಬಂದ ಅತಿಥಿಗಳಿಗೆ ಅಟ್ಟಿಯ ಅಂದ ಕಾಣುವುದಿಲ್ಲ. ಹಾಗಾಗಿ ಅದನ್ನು ಮುಂದೂಡಿದ್ದರು.

ಪೊರಕೆಯಕ್ಕ ನಾಲ್ಕನೇ ಅಟ್ಟಿಯ ಹಿಂದಿನ ಸಂದಿಯಲ್ಲಿ ಸರಿಯುತ್ತಿದ್ದಾಗ ಅವಳ ಬೆನ್ನಿಗೆ ಬಿಸಿ ತಾಗಿತು. ತಿರುಗಲು ಜಾಗವಿಲ್ಲ, ಕೈ ಹಿಂದೆ ಮಾಡಿ ಚೀಲ ಮುಟ್ಟಿದಳು. ಜ್ವರ ಬಂದ ಮಗುವಿನ ಮೈ ಹಾಗಿತ್ತು. ಕಿವಿ ಆನಿಸಿದರೆ ಒಳಗೆ ಸಣ್ಣಗೆ ಚರಚರ ಸದ್ದು. ಆಗ ಅವಳ ಎದೆಯಲ್ಲಿ ಎದ್ದದ್ದು ಗಾಬರಿಯಲ್ಲ, ಆಸೆ. ಹುಳ ಹಿಡಿದದ್ದು ಸಾಹೇಬರ ಕಣ್ಣಿಗೆ ಬಿದ್ದರೆ ಆದೇಶ ಹೋಗುತ್ತದೆ, ಆದೇಶ ಹೋದರೆ ನೆಲದ ಕಾಳು ಮನೆಗೆ ಬರುತ್ತದೆ, ಕಾಳು ಬಂದರೆ ತಂಗಿಗೆ ‘ಬರಬೇಡ ಕಣೆ’ ಎನ್ನಬಹುದು. ಪೊರಕೆಯನ್ನು ಅಲ್ಲೇ ಬಿಟ್ಟು ಓಡಿದಳು.

‘ಸಾರ್, ನಾಲ್ಕನೇ ಅಟ್ಟಿ ಬಿಸಿ ಆಗಿದೆ.’

‘ಈ ಬಿಸಿಲಿಗೆ ನಾನೂ ಬಿಸಿ ಆಗಿದ್ದೀನಿ.’

‘ಒಳಗಡೆ ಸಾರ್. ಹುಳ ಬಿದ್ದಿದೆ. ಗೋಡೆ ಕಡೆಯಿಂದ ಕೈ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತೆ.’

ಲೋಕಚಿಂತೆಯವರು ನ್ಯಾಯವಂತರು, ಎದ್ದು ಬಂದರು. ಆದರೆ ಸಂದಿ ಒಂದೂವರೆ ಗೇಣು, ಸಾಹೇಬರ ಹೊಟ್ಟೆ ಮೂರು. ಎಡಗಡೆಯಿಂದ ಪ್ರಯತ್ನಿಸಿದರು, ಬಲಗಡೆಯಿಂದ ಪ್ರಯತ್ನಿಸಿದರು, ಉಸಿರು ಬಿಟ್ಟು ನೋಡಿದರು. ಒಂದು ಭುಜ ಒಳಗೆ ಹೋಗಿ ಅಂಗಿಯ ಗುಂಡಿ ಕಿತ್ತುಬಂತು. ಹಮಾಲರು ನೆಲ ನೋಡುತ್ತ ನಿಂತಿದ್ದರು. ಕೊನೆಗೆ ಅವರು ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕಬ್ಬಿಣದ ಕೊಳವೆ ತರಿಸಿ, ಓಣಿಯ ಕಡೆಯ ಎದುರು ಸಾಲಿನ ಐದು ಚೀಲಕ್ಕೆ ಚುಚ್ಚಿ ನೋಡಿದರು. ಗಾಳಿಯಾಡುವ ಕಡೆಯ ಚೀಲ. ಕಾಳು ತಣ್ಣಗೆ, ಗಟ್ಟಿಯಾಗಿ, ಬಂಗಾರದ ಹಾಗಿತ್ತು.

‘ಸಾರ್, ಅವಳು ಹೇಳಿದ್ದು ಹಿಂದಿನ ಸಾಲು. ನಾವು ಮೇಲಿಂದ ಇಳಿಸಿ ತೋರಿಸ್ತೀವಿ, ಅರ್ಧ ದಿನದ ಕೆಲಸ’ ಎಂದ ಮೇಸ್ತ್ರಿ.

‘ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ಅಟ್ಟಿ ಕೆಡವ್ತೀಯಾ?’ ಸಾಹೇಬರು ಕಿತ್ತ ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಅವಳತ್ತ ತಿರುಗಿದರು. ‘ನಿಂಗೆ ಕಾಳು ಬೇಕು ಅಂದ್ರೆ ಕಾಳು ಬೇಕು ಅಂತ ಕೇಳು. ಹುಳದ ಕತೆ ಕಟ್ಬೇಡ.’

‘ಕಾಳು ಬೇಕು ಸಾರ್’ ಎಂದಳು ಅವಳು.

‘ನೋಡಿದ್ರಾ?’ ಎಂದು ಅವರು ಎಲ್ಲರ ಕಡೆ ನೋಡಿದರು. ‘ಈಗ ನಿಜ ಬಂತು.’

ತಂಗಿ ಹೇಳಿದ ದಿನಕ್ಕೇ ಬಂದಳು. ಮಗುವಿಗೆ ಹೊಸ ಚಪ್ಪಲಿ ತಂದಿದ್ದಳು, ಒಂದು ಅಳತೆ ದೊಡ್ಡದು. ಇಲಿಮರಿ ಚಪ್ಪಲಿಯ ಖುಷಿಯಲ್ಲಿ ಬಸ್ಸು ಹತ್ತಿ, ಕಿಟಕಿಯಲ್ಲಿ ಕೂತು, ಅಮ್ಮನೂ ಹತ್ತುತ್ತಾಳೆಂದು ಪಕ್ಕದಲ್ಲಿ ಜಾಗ ಹಿಡಿದಿಟ್ಟಿತು. ಆ ಜಾಗದಲ್ಲಿ ಬೇರೆ ಯಾರೋ ಕೂತರು. ಮನೆಗೆ ಬಂದಾಗ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ‘ನನ್ನನ್ನ ಕಳಿಸಬಾರದಿತ್ತಾ?’ ಎಂದಳು. ‘ನಿಮ್ಮನ್ನ ಯಾರು ಕೇಳಿದ್ರು ಅತ್ತೆ?’ ಎಂದಳು ಸೊಸೆ. ಗಂಜಿ ಸ್ವಲ್ಪ ಗಟ್ಟಿಯಾಗಿತ್ತು. ನಡುವಿನವನು ಅದನ್ನು ಗಮನಿಸಿ ಖುಷಿಪಟ್ಟ. ಅಕ್ಕ ಚಿವುಟಿದ ಮೇಲೆ ಸುಮ್ಮನಾದ.

ಮರುದಿನ ಸಮಾರಂಭ. ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರು ಬಂದಿದ್ದರು. ಲೋಕಚಿಂತೆಯವರು ಧ್ವನಿವರ್ಧಕ ಹಿಡಿದು ಎಂಟುನೂರು ಕೋಟಿಯಿಂದ ಶುರುಮಾಡಿದರು. ಮುಕ್ಕಾಲು ಗಂಟೆಯ ನಂತರ ಅವರಿಗೆ ಒಂದು ಉದಾಹರಣೆ ಬೇಕಾಯಿತು. ಮಗುವನ್ನು ತಂಗಿಯ ಮನೆಗೆ ಕಳಿಸಿದ ಸುದ್ದಿ ಗುಮಾಸ್ತನಿಂದ ಬೆಳಗ್ಗೆಯೇ ಅವರಿಗೆ ತಲುಪಿತ್ತು.

‘ದೊಡ್ಡ ದೊಡ್ಡ ದೇಶಗಳಿಗೆ ಆಗದ್ದು ನಮ್ಮ ಈ ಗೋದಾಮಿನಲ್ಲಿ ಗುಡಿಸುವ ಒಬ್ಬ ಸಾಮಾನ್ಯ ಹೆಣ್ಣುಮಗಳಿಗೆ ಆಗಿದೆ. ನನ್ನ ಮಾತನ್ನು ಅರ್ಥ ಮಾಡಿಕೊಂಡು ಅವಳು ತನ್ನ ಸಂಸಾರದ ಗಾತ್ರವನ್ನು ಕಡಿಮೆ ಮಾಡಿಕೊಂಡಿದ್ದಾಳೆ. ಎದ್ದು ನಿಲ್ಲಮ್ಮ. ನಾಚಿಕೆ ಯಾಕೆ, ನಿಲ್ಲು.’

ಅವಳು ನಿಂತಳು. ಚಪ್ಪಾಳೆ ಬಿತ್ತು. ‘ಲೋಕದಲ್ಲಿ ಎಲ್ಲಿ ಕಮ್ಮಿ ಆಯ್ತಪ್ಪ? ಬಾಯಿ ಈ ಊರಿಂದ ಆ ಊರಿಗೆ ಹೋಯ್ತು, ಅಷ್ಟೆ’ ಎಂದು ಹಿಂದಿನ ಸಾಲಿನಲ್ಲಿ ಮೇಸ್ತ್ರಿ ಗೊಣಗಿದ. ಗೊಣಗಿದನೇ ಹೊರತು ಎದ್ದು ಹೇಳಲಿಲ್ಲ. ಅವನಿಗೂ ಮನೆಯಲ್ಲಿ ಆರು ಬಾಯಿ.

ಚಪ್ಪಾಳೆ ನಿಂತಾಗ ಪೊರಕೆಯಕ್ಕ ದೊಡ್ಡ ಸಾಹೇಬರ ಕಡೆ ನೋಡಿ, ‘ನಾಲ್ಕನೇ ಅಟ್ಟಿ ಬಿಸಿ ಇದೆ ಸಾರ್’ ಎಂದಳು.

ಅವಳ ಮುಂದೆ ಧ್ವನಿವರ್ಧಕ ಇರಲಿಲ್ಲ. ‘ಏನಂತೆ?’ ಎಂದು ದೊಡ್ಡ ಸಾಹೇಬರು ಕೇಳಿದರು.

‘ಧನ್ಯವಾದ ಅಂತಿದ್ದಾಳೆ ಸಾರ್’ ಎಂದರು ಲೋಕಚಿಂತೆಯವರು. ಮತ್ತೊಮ್ಮೆ ಚಪ್ಪಾಳೆಯಾಯಿತು.

ಎರಡು ತಿಂಗಳಾದ ಮೇಲೆ ಲಾರಿಗೆ ತುಂಬಲು ನಾಲ್ಕನೇ ಅಟ್ಟಿಯನ್ನು ಬಿಚ್ಚಿದರು. ಎದುರಿನ ಎರಡು ಸಾಲು ಬಿಟ್ಟರೆ ಒಳಗೆ ಗೋಧಿ ಎಂಬುದೇ ಇರಲಿಲ್ಲ. ಹಿಟ್ಟಿನಂಥ ಬೂದು ಪುಡಿ, ಮುಗ್ಗುಲು ವಾಸನೆ, ತಾವಾಗಿ ಹರಿದಾಡುವ ಚೀಲಗಳು. ಹುಳು ಅಷ್ಟರಲ್ಲಿ ಮೂರನೇ ಅಟ್ಟಿಗೂ ಐದನೇ ಅಟ್ಟಿಗೂ ದಾಟಿತ್ತು. ನೆಲದ ನಾಲ್ಕು ಬೊಗಸೆ ಉಳಿಸಹೋಗಿ ನಾಲ್ಕು ಸಾವಿರ ಚೀಲ ‘ಮನುಷ್ಯರ ಬಳಕೆಗೆ ಯೋಗ್ಯವಲ್ಲ’ ಎಂಬ ಮುದ್ರೆ ಒತ್ತಿಸಿಕೊಂಡಿತು. ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹೂತರು. ಗುಂಡಿಯನ್ನು ಹಗಲೂ ರಾತ್ರಿ ಇಬ್ಬರು ಕಾಯ್ದರು, ಹಸಿದವರು ಯಾರಾದರೂ ಬಂದು ತಿಂದುಬಿಟ್ಟಾರೆಂದು.

ವಿಚಾರಣೆಗೆ ಮೂವರು ಬಂದರು. ನೆಲದ ಕಾಳನ್ನು ಚೀಲಕ್ಕೆ ಹಾಕಿದ ಕೈ ಯಾರದು ಎಂದು ಕೇಳಿದರು. ಕೈ ಪೊರಕೆಯಕ್ಕನದು. ಹಾಕು ಎಂದ ಬಾಯಿ ಯಾರದು ಎಂದು ಕೇಳಲು ನಮೂನೆಯಲ್ಲಿ ಜಾಗವಿರಲಿಲ್ಲ.

‘ಹುಳ ಇರೋದು ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?’

‘ಹೇಳಿದೆ ಸಾರ್. ಎಲ್ಲರ ಎದುರಿಗೂ ಹೇಳಿದೆ.’

ಅವರು ಎಲ್ಲರ ಕಡೆ ನೋಡಿದರು. ಗುಮಾಸ್ತ ಕಾಗದ ಜೋಡಿಸುತ್ತಿದ್ದ. ಹಮಾಲರು ಕಾಲಿನ ಹೆಬ್ಬೆರಳು ನೋಡಿಕೊಂಡರು. ಲೋಕಚಿಂತೆಯವರು ಮಾತ್ರ ಧೈರ್ಯವಾಗಿ, ‘ಹೇಳಿದ್ದು ನಿಜ ಸಾರ್. ಕಾಳು ಬೇಕು ಅಂತ ಹೇಳಿದಳು. ಎಲ್ಲರೂ ಕೇಳಿದ್ದಾರೆ’ ಎಂದರು. ಎಲ್ಲರೂ ಹೌದೆಂದು ತಲೆಯಾಡಿಸಿದರು, ಮೇಸ್ತ್ರಿಯೂ. ಅದು ಸುಳ್ಳಾಗಿರಲಿಲ್ಲ.

ಅವಳನ್ನು ತೆಗೆದರು. ಲೋಕಚಿಂತೆಯವರನ್ನು ಮೇಲಿನ ಕಚೇರಿಯ ತರಬೇತಿ ವಿಭಾಗಕ್ಕೆ ಹಾಕಿದರು. ಅಲ್ಲಿ ಅವರು ಇತರ ಗೋದಾಮಿನವರಿಗೆ ಪಾಠ ಮಾಡುತ್ತಾರೆ. ಅವಳು ನಾಲ್ಕು ತಿಂಗಳು ಅವರಿವರ ಮನೆಯ ಮುಸುರೆ ತಿಕ್ಕಿದಳು. ಗೋದಾಮಿಗೆ ಬಂದ ಹೊಸ ಅಧಿಕಾರಿ ಸಣಕಲು ಮನುಷ್ಯ, ಮಾತು ಕಮ್ಮಿ. ಸಂದಿಯೊಳಗೆ ತಾನೇ ನುಗ್ಗಿ ನೋಡಿ ಬಂದು, ‘ನೆಲದ ಕಾಳನ್ನು ಅದೇ ದಿನ ಸಂಜೆ ಗೋದಾಮಿನಿಂದ ಹೊರಗೆ ಸಾಗಹಾಕತಕ್ಕದ್ದು’ ಎಂದು ಬರೆದು ರುಜು ಮಾಡಿದ. ಅಷ್ಟರಲ್ಲಿ ಗುಡಿಸಲು ಬಂದ ಮೂವರೂ ಸಂದಿಯಲ್ಲಿ ಸಿಕ್ಕಿಕೊಂಡು ಕೆಲಸ ಬಿಟ್ಟಿದ್ದರು. ಮೇಸ್ತ್ರಿ ಅವಳ ಮನೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ‘ನಾಳೆಯಿಂದ ಬರಬೇಕಂತೆ ಅಕ್ಕ’ ಎಂದ. ‘ಕಾಳು?’ ಎಂದಳು. ‘ಕಾಳೂ ಸಿಗುತ್ತೆ. ಬರೆದೇ ಕೊಟ್ಟಿದ್ದಾರೆ.’

ಮೊದಲ ವಾರದ ಕೂಲಿ ಬಂದ ಕೂಡಲೇ ಅವಳು ಗೋಧಿ ಬೀಸಿ, ಹಿಟ್ಟಿನ ಗಂಟು ಹಿಡಿದು ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಉರುಹೊಡೆದಳು.

ತಂಗಿಯ ಮನೆ ಅಂಗಡಿಯ ಹಿಂದುಗಡೆ. ಗೋಡೆಗೆ ಒರಗಿಸಿದ ಹತ್ತಾರು ಕನ್ನಡಿಗಳಲ್ಲಿ ಇಲಿಮರಿ ಒಂದೇ ಸಲಕ್ಕೆ ಕಂಡಳು. ಎಲ್ಲ ಕನ್ನಡಿಯಲ್ಲೂ ಕೆನ್ನೆ ತುಂಬಿತ್ತು. ಅವಳು ಬಂದವಳನ್ನು ಒಂದು ಗಳಿಗೆ ನೋಡಿ ಒಳಕ್ಕೆ ಓಡಿದಳು. ‘ಅಮ್ಮಾ, ದೊಡ್ಡಮ್ಮ ಬಂದಿದ್ದಾರೆ.’

ಪೊರಕೆಯಕ್ಕ ಗಂಟನ್ನು ತಂಗಿಯ ಮುಂದಿಟ್ಟಳು. ‘ಕೆಲಸ ವಾಪಸ್ ಸಿಕ್ತು ಕಣೆ. ಕಾಳೂ ಸಿಗುತ್ತೆ. ಇವಳನ್ನ ಕರ್ಕೊಂಡು ಹೋಗ್ತೀನಿ.’

ತಂಗಿ ಗಂಟನ್ನು ಬಿಚ್ಚಲಿಲ್ಲ. ‘ಅಕ್ಕ, ನಾಳೆ ಆ ಸಾಹೇಬ ಹೋಗಿ ಇನ್ನೊಬ್ಬ ಬಂದ್ರೆ?’

ಅದಕ್ಕೆ ಉತ್ತರವನ್ನು ಅವಳು ಉರುಹೊಡೆದಿರಲಿಲ್ಲ.

‘ಆಗ ಮತ್ತೆ ತಂದು ಬಿಡ್ತೀಯಾ? ಶಾಲೆಯಲ್ಲಿ ಅಪ್ಪ ಅಂತ ಇವರ ಹೆಸರು ಬರೆಸಿ ಆಯ್ತು. ಇವರು ರಾತ್ರಿ ಅವಳನ್ನ ಕೇಳದೆ ಊಟಕ್ಕೆ ಕೂರಲ್ಲ. ಕೊಟ್ಟಿದ್ದು ನೀನೇ ಅಕ್ಕ. ನಾನೇನು ಕದ್ದಿಲ್ಲ.’ ತಂಗಿ ಮಣೆ ಹಾಕಿದಳು. ‘ಕೂತ್ಕೋ. ದೂರದಿಂದ ಬಂದಿದ್ದೀಯ, ಮೊದಲು ಊಟ ಮಾಡು.’

ಊಟ ಬಡಿಸಿದರು. ಅವಳಿಗೆ ನಿಜವಾಗಿಯೂ ಹಸಿವಾಗಿತ್ತು. ಎಂಥ ಹೊತ್ತಿನಲ್ಲೂ ಹೊಟ್ಟೆಗೆ ಮರ್ಯಾದೆ ಇರುವುದಿಲ್ಲ. ತಲೆ ಎತ್ತದೆ ಉಂಡಳು. ಮಗು ಬಾಗಿಲಿಗೆ ಒರಗಿ ನಿಂತು ಅವಳ ತಟ್ಟೆಯನ್ನೇ ನೋಡುತ್ತಿತ್ತು. ಸ್ವಲ್ಪ ಸ್ವಲ್ಪವೇ ಹತ್ತಿರ ಬಂದು, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಗುಟ್ಟಿನಂತೆ ಕೇಳಿತು.

‘ಈಗ ಅಲ್ಲಿ ನನ್ನ ಪಾಲು ಯಾರು ತಿಂತಾರೆ?’

ಪೊರಕೆಯಕ್ಕ ಬಾಯಲ್ಲಿದ್ದ ತುತ್ತು ನುಂಗಿದಳು. ‘ಅಣ್ಣ’ ಎಂದಳು.

ಮಗು ಯೋಚಿಸಿತು. ‘ಅವನೇ ತಿನ್ನಲಿ ಬಿಡಿ. ನಂಗೆ ಇಲ್ಲಿದೆ’ ಎಂದು ಎದ್ದು ಹೊರಗೆ ಆಡಲು ಹೋಯಿತು.

ಅವಳು ತಟ್ಟೆ ತೊಳೆದಿಟ್ಟು, ಹಿಟ್ಟಿನ ಗಂಟನ್ನು ಅಲ್ಲಿಯೇ ಬಿಟ್ಟು, ಸಂಜೆಯ ಬಸ್ಸು ಹಿಡಿದಳು.